ಮರವೇರುವ ಕಾಲು, ಮರವೇರುವ ಗಾಲಿ

‘ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂದು ಗಾದೆ ಕಟ್ಟಿದ ನಮ್ಮ ಹಿರಿಯರು ಅಡಕೆಯನ್ನು ಅಲ್ಪವಸ್ತುವೆಂದೂ ಆನೆಯನ್ನು ಮಹಾವಸ್ತುವೆಂದೂ ಎಣಿಸಿದ್ದರು. ಅಡಕೆಯನ್ನು ಅಂಗಡಿಯಿಂದ ಕೊಂಡು ಮೆಲ್ಲುವ ಊರಿನಲ್ಲಿ ಈ ಎಣಿಕೆ ಸರಿಯಾದುದೇ. ಆದರೆ ಅದನ್ನು ಬೆಳೆಯುವ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಬಂದು ನೋಡಿದರೆ ಆ ಅಲ್ಪವಸ್ತು ನಲವತ್ತು ಐವತ್ತು ಅಡಿಗಳ ಎತ್ತರದಲ್ಲಿ, ಒಂದು ತೋಳಿನ ತೆಕ್ಕೆಗೆ ಸುಲಭವಾಗಿ ಸಿಕ್ಕುವಷ್ಟು ತೆಳುವಾದ ಕಂಬದ ತುದಿಯಲ್ಲಿ ತೂಗುತ್ತಿರುತ್ತದೆ. ಅದನ್ನು ಇಳಿಸಬೇಕಾದರೆ ಮನುಷ್ಯನೊಬ್ಬನು ಮೇಲೇರಬೇಕು. ಏರಿದವನು ಜಾರಿದರೆ ಮಾನದ ಮಾತು ಹಾಗಿರಲಿ, ಪ್ರಾಣವೇ ಹೋಗುವುದುಂಟು. ಪ್ರಾಣ ಉಳಿದರೂ ಸೊಂಟದಿಂದ ಕೆಳಗಿನ ದೇಹ ಉಳಿಯದೆ ಹೋಗುವುದುಂಟು.

ಈ ಏರುವಿಕೆಯ ಅಪಾಯವನ್ನು ಕಡಿಮೆ ಮಾಡಲು ನಮ್ಮ ಜನ ಬಳಸಿದ, ಕಂಡುಹಿಡಿದ, ಎರವಲು ತಂದ ಉಪಕರಣಗಳ ಕಥೆ ಸ್ವಾರಸ್ಯವುಳ್ಳದ್ದು. ಹಗ್ಗದ ಕುಣಿಕೆಯಿಂದ ಮೊದಲಾಗಿ ಪೆಟ್ರೋಲು ಕುಡಿದು ಮರವೇರುವ ಗಾಲಿಯವರೆಗೆ ಬೆಳೆದಿರುವ ಈ ಕಥೆಯ ಉದ್ದಕ್ಕೂ ಒಂದೇ ಒಂದು ಪ್ರಶ್ನೆ ನಿಂತಿದೆ: ಮೇಲೆ ಹೋಗುವವನ ಭಾರವನ್ನು ಹೊರುವವರು ಯಾರು?

ಕಾಡಿನ ಮರ, ತೋಟದ ಮರ

ಮರಗೆಲಸದಲ್ಲಿ ಎರಡು ಬಗೆ. ಕಾಡಿನ ಮರಗೆಲಸದಲ್ಲಿ ಮರವೇ ಮನುಷ್ಯನ ಬಳಿಗೆ ಇಳಿದುಬರುತ್ತದೆ. ತೋಟದ ಮರಗೆಲಸದಲ್ಲಿ ಮನುಷ್ಯನು ಮರದ ಬಳಿಗೆ ಏರಿಹೋಗುತ್ತಾನೆ.

ಮೊದಲನೆಯ ಬಗೆಯ ಕೆಲಸಕ್ಕೆ ನಮ್ಮ ಸೀಮೆ ಹೊಸದಲ್ಲ. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ಒಂಬತ್ತು ಹೆಂಗಳೆಯರು ಸೇರಿ ಆನೆಯಾದ ನವನಾರೀಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀತುರಗ ಮೊದಲಾದ ಕೆತ್ತನೆಗಳುಳ್ಳ ಮರದ ಕಂಬಗಳನ್ನು ಕಂಡವರು ಉಳಿಯ ಕೆಲಸಕ್ಕೆ ತಲೆದೂಗುತ್ತಾರೆ. ಆ ಉಳಿಗಿಂತ ಮೊದಲು ಕೊಡಲಿಯಿತ್ತು, ಗರಗಸವಿತ್ತು, ಎತ್ತಿನ ಹೆಗಲಿತ್ತು ಎಂಬುದನ್ನು ನೆನೆಯುವವರು ವಿರಳ. ಘಟ್ಟದ ಕಾಡುಗಳಲ್ಲಿ ಬಹುಕಾಲ ದಿಮ್ಮಿಗಳನ್ನು ಎಳೆದದ್ದು ಆನೆ ಮತ್ತು ಎತ್ತು. ಆಮೇಲೆ ಬಂದದ್ದು ಲಾರಿ. ಜರ್ಮನಿಯ ಆಂಡ್ರಿಯಾಸ್ ಸ್ಟೀಲನು 1926ರಲ್ಲಿ ವಿದ್ಯುತ್ತಿನಿಂದಲೂ 1929ರಲ್ಲಿ ಪೆಟ್ರೋಲಿನಿಂದಲೂ ನಡೆಯುವ ಸರಪಳಿ ಗರಗಸವನ್ನು ಸಿದ್ಧಪಡಿಸಿದ ಬಳಿಕ, ಇಬ್ಬರು ಆಳುಗಳು ದಿನವಿಡೀ ಎಳೆದಾಡುತ್ತಿದ್ದ ಕೆಲಸ ನಿಮಿಷಗಳಿಗೆ ಇಳಿಯಿತು. ಈಗ ಉತ್ತರ ಯೂರೋಪಿನ ಕಾಡುಗಳಲ್ಲಿ ಒಂದೇ ವಾಹನವು ಉಕ್ಕಿನ ಕೈಚಾಚಿ ಮರವನ್ನು ಹಿಡಿದು, ಕತ್ತರಿಸಿ, ಮಲಗಿಸಿ, ಕೊಂಬೆಗಳನ್ನು ಸವರಿ, ಅಳತೆಗೆ ಸರಿಯಾಗಿ ತುಂಡರಿಸಿಬಿಡುತ್ತದೆ; ನಡೆಸುವವನು ಗಾಜಿನ ಕೋಣೆಯೊಳಗಿಂದ ಕೆಳಗಿಳಿಯಬೇಕಾದುದೇ ಇಲ್ಲ.

ನಮ್ಮಲ್ಲಾದರೋ 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ಅನಂತರ ಕಾಡಿನ ಕೊಡಲಿಗೆ ಬಿಗಿಯಾದ ಕಟ್ಟುಬಿತ್ತು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವು ರೂಪುಗೊಂಡಾಗ ಬೆಳ್ತಂಗಡಿ ತಾಲೂಕಿನ ಮಲೆಯಂಚಿನ ಭಾಗಗಳೂ ಅದರೊಳಗೆ ಸೇರಿದವು. ಹೀಗಾಗಿ ಇಂದು ಈ ಮೂರು ತಾಲೂಕುಗಳಲ್ಲಿ ಮರಗೆಲಸವೆಂದರೆ ಬಹುಮಟ್ಟಿಗೆ ಅಡಕೆ, ತೆಂಗು, ರಬ್ಬರುಗಳ ಕೆಲಸವೇ. ಇವುಗಳಲ್ಲಿ ರಬ್ಬರು ಮರ ದಯಾಳು. ಎದೆಯೆತ್ತರದಲ್ಲಿಯೇ ಗೀರಿಸಿಕೊಂಡು ಹಾಲು ಸುರಿಸುತ್ತದೆ. ಅಡಕೆ ತೆಂಗುಗಳು ಹಾಗಲ್ಲ. ಅವು ಕೊಡುವುದನ್ನೆಲ್ಲ ನೆತ್ತಿಯಲ್ಲಿಟ್ಟುಕೊಂಡಿವೆ.

ಜಗತ್ತಿನ ಅರಣ್ಯಯಂತ್ರಗಳಾವುವೂ ನಮ್ಮ ತೋಟಕ್ಕೆ ಒದಗದಿರುವುದಕ್ಕೆ ಸಸ್ಯಶಾಸ್ತ್ರವೇ ಕಾರಣವನ್ನು ಹೇಳುತ್ತದೆ. ಮಾವು, ಹಲಸು, ತೇಗಗಳ ಕಾಂಡದಲ್ಲಿ ತೊಗಟೆಯ ಒಳಗೆ ಬೆಳೆಯುವ ಪದರವೊಂದಿದ್ದು, ಗಾಯವಾದರೆ ಅದು ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ಅಡಕೆ ತೆಂಗುಗಳಲ್ಲಿ ಆ ಪದರವಿಲ್ಲ. ಅವುಗಳ ಕಾಂಡಕ್ಕೆ ಆದ ಗಾಯ ಮರವಿರುವವರೆಗೂ ಗಾಯವೇ. ಪಾಶ್ಚಾತ್ಯ ದೇಶಗಳಲ್ಲಿ ಮರ ಕಡಿಯುವವರು ಬೂಟಿಗೆ ಕಟ್ಟಿಕೊಳ್ಳುವ ಉಕ್ಕಿನ ಮುಳ್ಳನ್ನು ನಮ್ಮವನು ಕಟ್ಟಿಕೊಂಡರೆ ಒಂದೆರಡು ಕೊಯ್ಲಿನಲ್ಲಿಯೇ ತೋಟ ಕೆಟ್ಟೀತು. ಮರಕ್ಕಿರುವ ಬೆಳವಣಿಗೆಯ ತುದಿಯೂ ಒಂದೇ, ನೆತ್ತಿಯ ಸುಳಿ. ಅದು ಮುರಿದರೆ ಮರ ಮುಗಿಯಿತು. ಆದುದರಿಂದ ಇಲ್ಲಿ ಬೇಕಾದುದು ಮರವನ್ನು ನೋಯಿಸದೆ ಅಪ್ಪಿಹಿಡಿಯುವ ಉಪಕರಣ.

ತಳೆ, ಕತ್ತಿ, ದೋಟಿ

ಅಂಥ ಉಪಕರಣಗಳಲ್ಲಿ ಮೊದಲನೆಯದು ತಳೆ. ಹಗ್ಗದಿಂದಲೋ ನಾರಿನಿಂದಲೋ ಮಾಡಿದ ಒಂದು ಕುಣಿಕೆ, ಅಷ್ಟೇ. ಎರಡೂ ಪಾದಗಳನ್ನು ಅದರೊಳಗೆ ತೂರಿಸಿ ಮರದ ಎರಡು ಪಕ್ಕಗಳಿಗೆ ಒತ್ತಿದರೆ ತಳೆ ಬಿಗಿದು ಪಾದಗಳು ಕಾಂಡಕ್ಕೆ ಕಚ್ಚಿಕೊಳ್ಳುತ್ತವೆ. ಕೈಗಳಿಂದ ಮರವನ್ನು ತಬ್ಬಿ ಮೈಯನ್ನು ಮೇಲಕ್ಕೆಳೆದುಕೊಳ್ಳುವುದು, ಮಂಡಿ ಮಡಿಸಿ ಪಾದವನ್ನು ಮೇಲೆ ತರುವುದು, ಮತ್ತೆ ಒತ್ತುವುದು. ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚುತ್ತದೆ. ಕೆಳಗೆಳೆಯುವ ತೂಕವನ್ನೇ ಹಿಡಿದಿಡುವ ಬಲವನ್ನಾಗಿ ಮಾಡಿಕೊಳ್ಳುವ ಈ ಸೂತ್ರ ಯಾವ ವಿಜ್ಞಾನಿಯ ಹೆಸರನ್ನೂ ಹೊತ್ತಿಲ್ಲ. ಮುಂದೆ ಬಂದ ಯಂತ್ರಗಳು ಮಾತ್ರ ಇದನ್ನು ಎರವಲು ಪಡೆಯದೆ ಇರಲಿಲ್ಲ.

ಸೊಂಟದಲ್ಲಿ ಕತ್ತಿ, ತಲೆಗೆ ಹಾಳೆಯ ಮುಟ್ಟಾಳೆ, ಜೊತೆಗೊಂದು ಉದ್ದನೆಯ ಹಗ್ಗ. ಮೇಲಿನವನು ಕೊಯ್ದ ಗೊನೆ ಹಗ್ಗದ ಮೇಲೆ ಜಾರಿ, ಕೆಳಗೆ ಅದರ ತುದಿಯನ್ನು ಹಿಡಿದು ನಿಂತವನ ಕೈಸೇರುತ್ತದೆ. ಇವಿಷ್ಟರಿಂದ ಒಂದು ತೋಟದ ಕೊಯ್ಲು ಸಾಗುತ್ತದೆ.

ದೋಟಿಯ ಉಪಯೋಗ ಇನ್ನೊಂದು ಬಗೆಯದು. ಒಂದು ಮರದ ಕೆಲಸ ಮುಗಿದೊಡನೆ ಏರುಗಾರನು ಕೆಳಗಿಳಿಯುವುದಿಲ್ಲ. ಕೊಕ್ಕೆಯುಳ್ಳ ದೋಟಿಯಿಂದ ಪಕ್ಕದ ಮರವನ್ನು ತನ್ನತ್ತ ಎಳೆದು, ತಾನಿರುವ ಮರವನ್ನೂ ಬಾಗಿಸಿ, ಒಂದು ಕ್ಷಣ ಎರಡೂ ಮರಗಳ ನಡುವೆ ಇದ್ದು, ಆಚೆಯ ಮರಕ್ಕೆ ದಾಟಿಬಿಡುತ್ತಾನೆ. ಹೊಸದಾಗಿ ನೋಡುವವರು ಉಸಿರು ಬಿಗಿಹಿಡಿಯುತ್ತಾರೆ. ನೋಡಿ ರೂಢಿಯಾದವರು ಮಾತನ್ನೂ ನಿಲ್ಲಿಸುವುದಿಲ್ಲ.

ಇದನ್ನು ಸಾಹಸಪ್ರದರ್ಶನವೆಂದು ಬಗೆಯುವುದು ತಪ್ಪು. ಅದರ ಹಿಂದೆ ಕಟ್ಟುನಿಟ್ಟಾದ ಒಂದು ಲೆಕ್ಕವಿದೆ. ಸಂಶೋಧಕರು ಹೇಳುವಂತೆ 2.7 ಮೀಟರ್ ಅಂತರದಲ್ಲಿ ನೆಟ್ಟರೆ ಒಂದು ಹೆಕ್ಟೇರಿಗೆ ಸುಮಾರು 1,370 ಅಡಕೆ ಮರಗಳಾಗುತ್ತವೆ. ಕೊಯ್ಲಿಗೆ ಮೂರು ಸಲ, ಮಳೆಗಾಲದ ಮದ್ದಿಗೆ ಎರಡು ಸಲವೆಂದು ಹಿಡಿದರೂ ಒಂದೊಂದು ಮರದ ತುದಿಯನ್ನು ವರ್ಷಕ್ಕೆ ಐದು ಬಾರಿ ಮುಟ್ಟಬೇಕು. ಒಟ್ಟು 6,850 ಸಲ. ಮರದ ಎತ್ತರ 12 ಮೀಟರೆಂದಾದರೆ ಏರಬೇಕಾದ ಒಟ್ಟು ಎತ್ತರ 82 ಕಿಲೋಮೀಟರನ್ನು ಮೀರುತ್ತದೆ. ಎಂದರೆ 8,849 ಮೀಟರುಗಳ ಎವರೆಸ್ಟು ಶಿಖರವನ್ನು ಕಡಲಮಟ್ಟದಿಂದ ಒಂಬತ್ತು ಬಾರಿ ಏರಿದಂತೆ. ಪ್ರತಿಯೊಂದು ಮರವನ್ನೂ ನೆಲದಿಂದಲೇ ಏರುತ್ತೇನೆಂದು ಯಾವ ಮನುಷ್ಯನ ತೋಳೂ ಒಪ್ಪಲಾರದು, ಯಾವ ತೋಟದ ಲೆಕ್ಕವೂ ತಾಳಲಾರದು. ಆದುದರಿಂದಲೇ ಅವನು ಮೇಲಿಂದ ಮೇಲೆಯೇ ದಾಟುತ್ತಾನೆ. ಒಂದು ದಾಟಿನಿಂದ ಒಂದು ಇಳಿತ, ಒಂದು ಏರಿಕೆ ಉಳಿಯುತ್ತದೆ. ಅತಿ ಹೆಚ್ಚಿನ ಉಳಿತಾಯದ ಆ ಕ್ಷಣವೇ ಅತಿ ಹೆಚ್ಚಿನ ಅಪಾಯದ ಕ್ಷಣವೂ ಹೌದು. ಮರಕ್ಕೆ ಕಟ್ಟಿಕೊಳ್ಳುವ ಸುರಕ್ಷಾಪಟ್ಟಿಯನ್ನು ತೋಟಗಳಲ್ಲಿ ಕಾಣುವುದು ಅಪರೂಪವೇಕೆ ಎಂಬುದಕ್ಕೂ ಇಲ್ಲಿ ಉತ್ತರವುಂಟು: ಮರಕ್ಕೆ ಕಟ್ಟಿಕೊಂಡವನು ಮರದಿಂದ ಮರಕ್ಕೆ ದಾಟಲಾರ.

ಮಳೆಯಲ್ಲಿ ಏರಬೇಕಾದ ಕಷ್ಟ

ಕೊಯ್ಲು ಬೇಸಗೆಯ ಕೆಲಸ, ಮರ ಒಣಗಿರುತ್ತದೆ. ಮದ್ದು ಬಿಡುವ ಕೆಲಸ ಹಾಗಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಅಡಕೆಗೆ ಕೊಳೆರೋಗ ಬರುವುದು ಮಳೆಗಾಲದಲ್ಲಿ. ಎಳೆಯ ಕಾಯಿಗಳು ನೀರುಕಲೆ ಬಿದ್ದು, ಕೊಳೆತು, ಉದುರಿ, ಕೆಲವೇ ದಿನಗಳಲ್ಲಿ ಬುಡವೆಲ್ಲ ಹಸುರು ಹಾಸಾಗುತ್ತದೆ. ಹಿಂದೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುವ ಕ್ರಮವಿತ್ತು. ಮೈಸೂರು ಸರಕಾರದ ಸೇವೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಅಭ್ಯಾಸ ಮಾಡಿ, 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿತೋಟಗಳಿಂದ ಬಂದ ಬೋರ್ಡೋ ದ್ರಾವಣವು ಅಡಕೆ ತೋಟವನ್ನು ಹೊಕ್ಕಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ: ಇದು ಇಂದಿಗೂ ಚಾಲ್ತಿಯಲ್ಲಿರುವ ಪ್ರಮಾಣ.

ಮದ್ದೇನೋ ಸಿಕ್ಕಿತು, ಅದನ್ನು ಮೇಲೆ ಮುಟ್ಟಿಸುವ ಹೊಣೆ ಮತ್ತೆ ಏರುಗಾರನದೇ ಆಯಿತು. ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನಗಳಾದ ಮೇಲೆ ಮತ್ತೊಮ್ಮೆ ಸಿಂಪಡಿಸಬೇಕು. ಎರಡನೆಯ ಸರದಿ ಬರುವುದು ಆಷಾಢದ ಜಡಿಮಳೆಯ ನಡುವೆ. ಕೆಳಗೆ ಒಬ್ಬ ಪಂಪು ಒತ್ತುತ್ತಾನೆ. ಮೇಲಿನವನು ಪಾಚಿಗಟ್ಟಿ ನುಣುಪಾದ ಕಾಂಡವನ್ನು ಕಾಲಿನಿಂದ ತಬ್ಬಿ, ಕೈಯಲ್ಲಿ ಸಿಂಪಡಣೆಯ ಕೊಳವೆ ಹಿಡಿದು, ಗೊನೆಗೆ ಗುರಿಯಿಡುತ್ತಾನೆ. ಒಂದೆರಡು ದಿನ ಬಿಸಿಲು ಕಂಡರೆ ಇಡೀ ಊರಿನ ತೋಟಗಳಿಗೆಲ್ಲ ಅದೇ ದಿನಗಳಲ್ಲಿ ಅದೇ ನಾಲ್ಕಾರು ಏರುಗಾರರು ಬೇಕು. ಅವರ ಮಕ್ಕಳು ಓದಿ ಬೇರೆ ಉದ್ಯೋಗಗಳಿಗೆ ಹೋಗಿದ್ದಾರೆ, ಹೋಗಬೇಕಾದುದೂ ನ್ಯಾಯವೇ. ತಂದೆಯಿಂದ ಮಗನಿಗೆ ದಾಟುತ್ತಿದ್ದ ವಿದ್ಯೆ ಹೀಗೆ ನಡುವೆಯೇ ನಿಂತಿತು. ಏರುವ ಯಂತ್ರಕ್ಕೆ ಬೇಡಿಕೆ ಹುಟ್ಟಿದ್ದು ಇಲ್ಲಿ.

ಗಾಲಿಯ ಪ್ರವೇಶ

ತೆಂಗಿನ ಮಟ್ಟಿಗೆ ದಾರಿ ತೋರಿದವರು ನೆರೆಯ ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ. ಜೆ. ಜೋಸೆಫ್ ಎಂಬ ಕೃಷಿಕರು. ಅವರ ಸಾಧನದಲ್ಲಿ ಉಕ್ಕಿನ ಎರಡು ಚೌಕಟ್ಟುಗಳು, ಎರಡಕ್ಕೂ ಮರವನ್ನು ಸುತ್ತುವ ತಂತಿಯ ಕುಣಿಕೆ. ಒಂದರ ಮೇಲೆ ತೂಕ ಬಿಟ್ಟಾಗ ಅದರ ಕುಣಿಕೆ ಬಿಗಿಯುತ್ತದೆ. ಇನ್ನೊಂದು ಸಡಿಲಗೊಂಡು ಮೇಲೆ ಸರಿಯುತ್ತದೆ. ಮಹಡಿಯ ಮೆಟ್ಟಿಲೇರಿದಂತೆ ಏರಬಹುದು. ತಳೆಯ ಸೂತ್ರವೇ ಉಕ್ಕಿನ ವೇಷದಲ್ಲಿ ಮರಳಿ ಬಂದಂತಾಯಿತು. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿಯು ತೆಂಗಿನ ಮರದ ಗೆಳೆಯರೆಂಬ ಹೆಸರಿನಲ್ಲಿ ತರಬೇತಿಯನ್ನು ಆರಂಭಿಸಿ ಇಂಥ ಯಂತ್ರಗಳನ್ನು ಯುವಕರ ಕೈಗಿತ್ತಿತು. ಹೆಂಗಸರೂ ಕಲಿತು ಮರವೇರಿದರು. ಒಂದು ವರ್ಗದ, ಒಂದು ವಯಸ್ಸಿನ ಗಂಡಸರ ಕೆಲಸವೆಂದು ಬಗೆದಿದ್ದುದು ಕಲಿತವರೆಲ್ಲರ ಕೆಲಸವಾಯಿತು.

ಅಡಕೆಗೆ ಇದು ಸಾಲದು. ಮರಗಳ ಸಂಖ್ಯೆ ಅಪಾರ, ಮರ ತೆಳು, ಹೊತ್ತು ಅಲ್ಪ. ಬಂಟ್ವಾಳ ತಾಲೂಕಿನ ಸಜೀಪಮೂಡ ಗ್ರಾಮದ ಕೃಷಿಕ ಗಣಪತಿ ಭಟ್ಟರು ಇದಕ್ಕೊಂದು ಉತ್ತರವನ್ನು ತಮ್ಮ ತೋಟದಲ್ಲಿಯೇ ಹುಡುಕಿದರು. 2014ರ ಸುಮಾರಿಗೆ ಮೊದಲಾದ ಪ್ರಯತ್ನ ಹಲವು ಮಾದರಿಗಳನ್ನು ದಾಟಿ, ಇಂಜಿನಿಯರರೊಬ್ಬರ ನೆರವಿನಿಂದ ಒಂದು ವಾಹನವಾಗಿ ನಿಂತಿತು. ಕಾಂಡವನ್ನು ಹಿಡಿದು ಉರುಳುವ ಗಾಲಿಗಳು, ಸಣ್ಣ ಪೆಟ್ರೋಲು ಇಂಜಿನು, ಕುಳಿತುಕೊಳ್ಳಲು ಪೀಠ, ಕಟ್ಟಿಕೊಳ್ಳಲು ಪಟ್ಟಿ, ಕೈಗೆಟಕುವಂತೆ ಬ್ರೇಕು. ತೂಕ ಸುಮಾರು 28 ಕಿಲೋ. ಅರ್ಧ ನಿಮಿಷದೊಳಗೆ ಮರದ ತುದಿ. ಒಂದು ಲೀಟರ್ ಪೆಟ್ರೋಲಿಗೆ ಸುಮಾರು ಎಂಬತ್ತು ಮರಗಳು. 2019ರಲ್ಲಿ ಅವರ ಮಗಳು ಇದರ ಮೇಲೆ ಕುಳಿತು ಸರ್ರನೆ ಮೇಲೇರಿ ಇಳಿದ ದೃಶ್ಯವನ್ನು ದೇಶವೆಲ್ಲ ನೋಡಿತು. ಉದ್ಯಮಿ ಆನಂದ ಮಹೀಂದ್ರರೂ ಮೆಚ್ಚಿ ಮಾತಾಡಿದರು. 2022ರ ಹೊತ್ತಿಗೆ ಬೆಲೆ ಸುಮಾರು 62,000 ರೂಪಾಯಿ, ಮಾರಾಟವಾದವು ಮುನ್ನೂರಕ್ಕೂ ಹೆಚ್ಚು ಎಂದು ವರದಿಯಾಯಿತು.

ಬೀದಿಯಲ್ಲಿ ಓಡುವ ವಾಹನವನ್ನು ನೆಟ್ಟಗೆ ನಿಲ್ಲಿಸಿ ಮರಕ್ಕೆ ಹತ್ತಿಸಿದ ಈ ಕಲ್ಪನೆ ಅಭಿಮಾನಪಡತಕ್ಕದ್ದೇ. ಗುಣ ಹೇಳಿದ ಬಾಯಿ ಮಿತಿಯನ್ನೂ ಹೇಳಬೇಕಷ್ಟೆ? ಗಾಲಿ ಏರಬಲ್ಲುದು, ದಾಟಲಾರದು. ಪ್ರತಿ ಮರಕ್ಕೂ ಕೆಳಗಿಳಿದು, ಬಿಚ್ಚಿ, ಹೊತ್ತು, ಮುಂದಿನ ಮರಕ್ಕೆ ತೊಡಿಸಬೇಕು. ಇಳಿಜಾರಿನ ತೋಟದಲ್ಲಿ, ಬಸಿಗಾಲುವೆಗಳ ನಡುವೆ, ಕೆಸರಿನಲ್ಲಿ 28 ಕಿಲೋ ಹೊರುವುದು ಸಣ್ಣ ಮಾತಲ್ಲ. ಒಂದು ಹೆಕ್ಟೇರಿಗೆ ಒಂದು ಸುತ್ತು ಮುಗಿಯಲು ಹದಿನೇಳು ಲೀಟರ್ ಪೆಟ್ರೋಲು ಬೇಕೆಂಬ ಲೆಕ್ಕವೂ ಇದೆ. ದಾಟುವ ಏರುಗಾರನ ವೇಗದೊಡನೆ ಇದು ಸರಿಗಟ್ಟುವುದು ಸುಲಭವಲ್ಲ. ಆದರೆ ಅವನ ವೇಗವು ಅವನ ಬೆನ್ನುಮೂಳೆಯನ್ನು ಪಣವಾಗಿಟ್ಟು ಗಳಿಸಿದ ವೇಗ. ಗಾಲಿಯ ನಿಧಾನವನ್ನು ಅದರ ಪಕ್ಕದಲ್ಲಿಟ್ಟು ತೂಗುವಾಗ ಆ ಪಣದ ಬೆಲೆಯನ್ನೂ ತಕ್ಕಡಿಗೆ ಹಾಕಬೇಕು.

ನೆಲದಲ್ಲಿಯೇ ನಿಂತರೆ?

ಏರುವುದೇ ಬೇಡವೆನ್ನುವವರ ಪಕ್ಷ ಈಚೆಗೆ ಬಲಗೊಂಡಿದೆ. ಹಳೆಯ ದೋಟಿಯೇ ಇಂಗಾಲದ ನಾರಿನ ಹೊಸ ಮೈಪಡೆದು, ಕೊಳವೆಯೊಳಗೆ ಕೊಳವೆಯಾಗಿ ಅರುವತ್ತು ಅಡಿಗೂ ಮಿಕ್ಕಿ ಉದ್ದವಾಗುತ್ತದೆ. ಕಾರ್ಬನ್ ದೋಟಿಯೆಂದೇ ತೋಟದವರು ಅದನ್ನು ಕರೆಯುತ್ತಾರೆ. ತುದಿಗೆ ಕತ್ತಿ ಸಿಕ್ಕಿಸಿದರೆ ಕೊಯ್ಲು, ಕೊಳವೆ ಸಿಕ್ಕಿಸಿದರೆ ಸಿಂಪಡಣೆ. ಬೀಳುವ ಗೊನೆಯನ್ನು ಬಲೆಯಲ್ಲಿಯೋ ಟಾರ್ಪಾಲಿನಲ್ಲಿಯೋ ಹಿಡಿದುಕೊಳ್ಳುತ್ತಾರೆ. ಮನುಷ್ಯ ನೆಲದ ಮೇಲೆಯೇ ನಿಂತಿರುತ್ತಾನೆ, ಬೀಳುವ ಭಯವಿಲ್ಲ. ದಿನವಿಡೀ ಮೇಲೆ ನೋಡಿ ಕತ್ತು ನೋಯುತ್ತದೆ, ಬೆಲೆ ಹೆಚ್ಚು, ಕೈ ಪಳಗಲು ಸಮಯ ಬೇಕು. ಇವೆಲ್ಲ ಸಹಿಸತಕ್ಕ ತೊಡಕುಗಳು. ಸಹಿಸತಕ್ಕದ್ದಲ್ಲದ ಇನ್ನೊಂದುಂಟು: ಇಂಗಾಲದ ನಾರು ವಿದ್ಯುತ್ತನ್ನು ಹರಿಸುತ್ತದೆ. ಅಲ್ಯುಮಿನಿಯಂ ದೋಟಿಗಳದೂ ಇದೇ ಗುಣ. ತೋಟದ ಮೇಲೆ ಹಾದುಹೋದ ತಂತಿಯೊಂದಕ್ಕೆ ತುದಿ ತಗುಲಿದರೆ ನೆಲದಲ್ಲಿ ನಿಂತವನೂ ಉಳಿಯಲಾರ. ಒಣಬಿದಿರಿನ ಕಾಲದ ಅಭ್ಯಾಸವನ್ನು ಲೋಹದ ಕಾಲಕ್ಕೆ ಹಾಗೆಯೇ ತರಬಾರದೆಂಬುದನ್ನು ಪ್ರತಿ ಶಾಲೆಯಲ್ಲಿಯೂ ಹೇಳಿಕೊಡಬೇಕು.

ಮೂರನೆಯ ದಾರಿಯೊಂದಿದೆ. ಮನುಷ್ಯನನ್ನು ಎತ್ತರಿಸುವ ಬದಲು ಮರವನ್ನೇ ಗಿಡ್ಡಾಗಿಸುವುದು. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಕೆ ಸಂಶೋಧನೆಯ ಕೇಂದ್ರ ಸ್ಥಾಪನೆಯಾಯಿತು. ಈಗ ಅದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯ ಅಂಗ. ತುಮಕೂರಿನ ಬಳಿಯ ಹಿರೇಹಳ್ಳಿಯಲ್ಲಿ ಕಂಡುಬಂದ ಒಂದು ಗಿಡ್ಡ ತಳಿಯನ್ನು ಹೆಚ್ಚು ಫಲ ಕೊಡುವ ಸುಮಂಗಳ, ಮೋಹಿತನಗರ ತಳಿಗಳೊಡನೆ ಕೂಡಿಸಿ, ಗಿಡ್ಡ ಸಂಕರತಳಿಗಳನ್ನು ವಿಜ್ಞಾನಿಗಳು ಸಿದ್ಧಪಡಿಸಿದ್ದಾರೆ. ನಿಧಾನವಾಗಿ ಬೆಳೆಯುವ ಇಂಥ ಮರಕ್ಕೆ ಎಷ್ಟೋ ವರ್ಷಗಳವರೆಗೆ ಸಣ್ಣ ದೋಟಿಯೇ ಸಾಕು. ಆದರೆ ನಿಂತ ತೋಟವನ್ನು ಕಡಿದು ಹೊಸದನ್ನು ನೆಡುವುದು ಒಂದು ತಲೆಮಾರಿನ ಕೆಲಸ. ಅಜ್ಜ ನೆಟ್ಟ ಮರ ಮೊಮ್ಮಗನ ಕಾಲಕ್ಕೂ ಎತ್ತರವಾಗಿಯೇ ಇರುತ್ತದೆ.

ಯಂತ್ರವಿಲ್ಲದವನ ಪಾಡು

ಆದುದರಿಂದ ಇನ್ನೂ ಬಹುಕಾಲ ತಳೆ ಕಟ್ಟಿದ ಕಾಲು, ಗಾಲಿ, ದೋಟಿ ಮೂರೂ ಒಟ್ಟಿಗೇ ಇರುತ್ತವೆ. ಹತ್ತು ಎಕರೆಯವನು ಯಂತ್ರ ಕೊಂಡಾನು. ಅರ್ಧ ಎಕರೆಯವನು ತಾನೇ ತಳೆ ಕಟ್ಟಿ ಏರಿಯಾನು. ಬೀಳುವವರಲ್ಲಿ ಕೂಲಿಕಾರರು ಮಾತ್ರವೇ ಇಲ್ಲ. ಆಳು ಸಿಗದೆ ತಾವೇ ಏರಿದ ಸಣ್ಣ ಹಿಡುವಳಿದಾರರೂ ಇದ್ದಾರೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಬಳಿ ಸೌತಡ್ಕದಲ್ಲಿ ಬೆನ್ನುಹುರಿಗೆ ಪೆಟ್ಟಾದವರ ಪುನಶ್ಚೇತನಕ್ಕೆಂದೇ ಕನ್ಯಾಡಿಯ ಸೇವಾಭಾರತಿಯವರು ಸೇವಾಧಾಮವೆಂಬ ಕೇಂದ್ರವನ್ನು ನಡೆಸುತ್ತಿದ್ದಾರೆ. ಗಾಲಿಕುರ್ಚಿಯಲ್ಲಿ ಕುಳಿತು ಬದುಕನ್ನು ಮೊದಲಿನಿಂದ ಕಲಿಯುವ ಪಾಠ ಅಲ್ಲಿ ನಡೆಯುತ್ತದೆ. ಅಡಕೆಯ ನಾಡಿನಲ್ಲಿ ಅಂಥದೊಂದು ಕೇಂದ್ರ ಬೇಕಾಯಿತೆಂಬುದೇ ಯೋಚಿಸತಕ್ಕ ಸಂಗತಿ. ಮರವೇರುವ ಗಾಲಿಯ ಸುದ್ದಿಯನ್ನು ಬೆರಗಿನಿಂದ ಓದಿದವರು ಈ ಗಾಲಿಯನ್ನೂ ನೆನೆಯಬೇಕು.

ತೆಂಗು ಏರುವವರಿಗೆ ಕೇರ ಸುರಕ್ಷಾ ಎಂಬ ವಿಮೆಯನ್ನು ತೆಂಗು ಅಭಿವೃದ್ಧಿ ಮಂಡಳಿ ನಡೆಸಿದೆ. ಅಡಕೆ ಏರುವವನಿಗೂ ಅಂಥ ಭದ್ರತೆ ಹಕ್ಕಾಗಿ ದೊರೆಯಬೇಕು. ಇದಕ್ಕೆ ಹೊರಗಿನವರನ್ನೇ ಕಾಯಬೇಕಾಗಿಲ್ಲ. ಅಡಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದಾಗ, 1973ರಲ್ಲಿ ಬಂಟ್ವಾಳ ತಾಲೂಕಿನ ಅಡ್ಯನಡ್ಕದ ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕ್ಯಾಂಪ್ಕೋ ಹುಟ್ಟಿತು. ಒಬ್ಬೊಬ್ಬರಾಗಿ ಹೊರಲಾರದ ಬೆಲೆಯ ಭಾರವನ್ನು ಎಲ್ಲರೂ ಸೇರಿ ಹೊತ್ತರು. ಊರೂರಿನ ಸಹಕಾರಿ ಸಂಘವು ಎರಡು ಗಾಲಿ, ನಾಲ್ಕು ದೋಟಿ, ಹತ್ತು ಸುರಕ್ಷಾಪಟ್ಟಿಗಳನ್ನು ಕೊಂಡು ಸರದಿಯ ಮೇಲೆ ಬಾಡಿಗೆಗೆ ಕೊಟ್ಟರೆ, ಏರುಗಾರನ ಹೆಸರಿನಲ್ಲಿ ವಿಮೆಯ ಕಂತನ್ನು ಪ್ರತಿ ಗೊನೆಯ ಮೇಲೊಂದು ಸಣ್ಣ ಪಾಲಾಗಿ ಹಾಕಿದರೆ, ಅರ್ಧ ಎಕರೆಯವನಿಗೂ ಅದು ಎಟುಕೀತು. ಬೆಲೆಗಾಗಿ ಕೂಡಿದ ಜನ ಬೆನ್ನಿಗಾಗಿ ಕೂಡಲಾರರೆಂದು ನಂಬುವುದು ಕಷ್ಟ.

ಮುಂದಿನ ಮಳೆಗಾಲದಲ್ಲಿ ಒಂದು ದಿನ ಮಳೆ ಹೊಳವಾದಾಗ ಇಡೀ ಸೀಮೆಯ ತೋಟಗಳಿಂದ ಪಂಪಿನ ಸದ್ದು ಕೇಳಿಬರುತ್ತದೆ. ಸುಳಿಗಳ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಮುಟ್ಟಾಳೆ ಕಾಣಿಸುತ್ತದೆ. ಅದರ ಕೆಳಗಿರುವವನು ಸಂಜೆ ತನ್ನ ಕಾಲಿನ ಮೇಲೆಯೇ ಮನೆಗೆ ನಡೆದುಹೋಗುವಂತೆ ನೋಡಿಕೊಳ್ಳುವುದು ಆ ತೋಟದ ಅಡಕೆಯಿಂದ ಬದುಕುವ ಎಲ್ಲರ ಹೊಣೆ.